ಮಾರಿ ಅಲ್ಲ, ಸೈಕಲ್ಲು

ಪ್ರೀತಿಯ ಶಾಂತಾ, ವೀರೇಶ,

ಮೊನ್ನೆ ಊಟಕ್ಕೆ ಕೂತಾಗ ಯಾರು ಯಾರು ಹೊರದೇಶ ನೋಡಿದ್ದಾರೆ ಎಂದು ನೀವಿಬ್ಬರೂ ಹೇಳಿಕೊಳ್ಳುತ್ತಿದ್ದಿರಿ. ನಿಮ್ಮ ಮೇಷ್ಟರು ಸಿಂಹಳಕ್ಕೆ ಹೋಗಿ ಬಂದರಂತೆ, ಯಾರದೋ ಚಿಕ್ಕಪ್ಪ ಹಡಗಿನಲ್ಲಿ ಕೆಲಸಕ್ಕಿದ್ದಾರಂತೆ. "ನಮ್ಮ ಅಜ್ಜಿ ಮಾತ್ರ ಎಲ್ಲೂ ಹೋಗಿಲ್ಲ" ಎಂದು ವೀರೇಶ ನಕ್ಕ. ಹೋಗಿದ್ದೇನೆ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ನೀವು ಬೇರೆ ಮಾತಿಗೆ ಹಾರಿದ್ದಿರಿ. ನಾಲ್ಕು ಜನರ ನಡುವೆ ನನಗೆ ಮಾತು ಹುಟ್ಟುವುದು ನಿಧಾನ. ಬರೆಯುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಊರ ಗುಡಿಯ ಪಡಸಾಲೆಯಲ್ಲಿ ನಡೆಯುತ್ತಿದ್ದ ಶಾಲೆಯಲ್ಲಿ ಕಲಿತ ಅಕ್ಷರ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಾನು ಹೋದದ್ದು ಪರರಾಜ್ಯಕ್ಕೇ. ನಮ್ಮೂರು ಆಗ ಬಳ್ಳಾರಿ ಜಿಲ್ಲೆಯ ಅಂಚಿನಲ್ಲಿ, ಮದರಾಸು ಸರ್ಕಾರದ ಕೈಕೆಳಗಿತ್ತು. ಊರ ಮುಂದಿನ ಗುಡ್ಡ ಇಳಿದು ಜಗಳೂರಿನ ದಾರಿ ಹಿಡಿದರೆ ಮೈಸೂರು ಮಹಾರಾಜರ ಸೀಮೆ. ಪೋಲೀಸರ ಪೇಟ ಬೇರೆ, ಕಾನೂನು ಬೇರೆ. ನಮ್ಮ ಅತ್ತೆ ಸಾಯುವವರೆಗೂ ಆ ಕಡೆಯನ್ನು "ಆಚೆ ರಾಜ್ಯ" ಎಂದೇ ಕರೆಯುತ್ತಿದ್ದರು.

ದೊಡ್ಡ ಯುದ್ಧ ಶುರುವಾಗುವ ಸ್ವಲ್ಪ ಮುಂಚಿನ ಬೇಸಿಗೆ ಅದು. ನಮ್ಮೂರ ಕಂಬಳಿ ನೇಯುವವರ ಓಣಿಗೆ ಮಟಮಟ ಮಧ್ಯಾಹ್ನ ಬೆಂಕಿ ಬಿತ್ತು. ಹುಲ್ಲಿನ ಮಾಡುಗಳು, ಬಿಸಿಗಾಳಿ. ಸಂಜೆಯ ಹೊತ್ತಿಗೆ ಮಗ್ಗದ ಗುಂಡಿಗಳು ಮತ್ತು ಕರಿಹಿಡಿದ ಗೋಡೆಗಳು ಬಿಟ್ಟು ಏನೂ ಉಳಿಯಲಿಲ್ಲ. ಓಣಿಗೆ ಓಣಿಯೇ ಹುಣಿಸೆ ಮರಗಳ ಕೆಳಗೆ ಬಂದು ಕೂತಿತು. ಕೂಸುಗಳೂ ಅಲ್ಲೇ, ಬಾಣಂತಿಯರೂ ಅಲ್ಲೇ. ಗೋಡೆಗೆ ಮಣ್ಣಿದೆ, ಹೊದಿಸಲು ಹುಲ್ಲಿದೆ, ನಡುವೆ ತೊಲೆಗೆ ಮರವಿಲ್ಲ. ನಮ್ಮ ಕಡೆ ಬೆಳೆಯುವುದು ಜಾಲಿ. ಅದರಲ್ಲಿ ತೊಲೆ ಹುಟ್ಟುವುದಿಲ್ಲ. ರೋಹಿಣಿ ಮಳೆ ಹಿಡಿಯುವುದರೊಳಗೆ ತೊಲೆ ಬಾರದಿದ್ದರೆ ಆ ಮಳೆಗಾಲವೆಲ್ಲ ಅವರು ಮರದ ಕೆಳಗೇ.

ನಿಮ್ಮ ಅಜ್ಜ ರಸ್ತೆಯ ಪಕ್ಕದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದರು. ಸರ್ಕಸ್ಸಿನವರು ಬಿಡಾರ ಕಿತ್ತು ಹೋಗುವಾಗ ಮುರಿದುಹೋಯಿತೆಂದು ಎಸೆದಿದ್ದ ಒಂಟಿ ಗಾಲಿಯ ಸೈಕಲ್ಲನ್ನು ತಂದು, ಸರಿಮಾಡಿ, ಹಿತ್ತಲಲ್ಲಿ ಬಿದ್ದು ಎದ್ದು ಕಲಿತಿದ್ದರು. ಒಂದೇ ಗಾಲಿ, ಅದರ ಮೇಲೆ ಒಂದು ಕೋಲು, ಕೋಲಿನ ತುದಿಗೆ ಸೀಟು. ಹಿಡಿಯಲು ಹ್ಯಾಂಡಲ್ಲಿಲ್ಲ, ನಿಲ್ಲಿಸಲು ಬ್ರೇಕಿಲ್ಲ. ಟಯರು ತರಲು ದಾವಣಗೆರೆಗೆ ಹೋದಾಗ ಅದನ್ನು ಪೇಟೆಯಲ್ಲಿ ಓಡಿಸಿ ಜನ ಸೇರಿಸಿ ಓಣಿಯ ಕಥೆ ಹೇಳಿದರು. ಅಲ್ಲಿ ನ್ಯಾಮತಿಯ ಮರದ ವ್ಯಾಪಾರಿ ಚನ್ನಬಸಪ್ಪ ಸಾಹುಕಾರರು ನಿಂತಿದ್ದರು. "ನಿಮ್ಮೂರಿಂದ ನ್ಯಾಮತಿಗೆ ಇದರ ಮೇಲೇ ಬಾರಪ್ಪ. ಹೊಳೆ ಒಂದನ್ನ ಹೆಂಗಾದ್ರೂ ದಾಟು. ಬೇರೆ ಎಲ್ಲೂ ಗಾಡಿ ಹತ್ತಬಾರದು. ನನ್ನ ಬಾಗಿಲಿಗೆ ಬಂದ ದಿನ ಓಣಿಗೆಲ್ಲ ತೊಲೆ ಕೊಡ್ತೀನಿ" ಎಂದರು. ಸುತ್ತಲಿದ್ದವರು ನಕ್ಕರು. ನಿಮ್ಮ ಅಜ್ಜ ನಗಲಿಲ್ಲ.

ರೊಟ್ಟಿ ಬಡಿದು ಹಾಕಲು ಒಬ್ಬರು ಬೇಕಲ್ಲ ಎಂದು ಅತ್ತೆ ನನ್ನನ್ನೂ ಹೊರಡಿಸಿದರು. ಗಾಡಿ, ಎತ್ತು ನಮ್ಮ ನೆರೆಮನೆಯ ಹುಸೇನಣ್ಣನವು. ಹತ್ತಿ ಹಿಂಜುವ ಕೆಲಸ ಅವನದು. ಬೇಸಿಗೆಯಲ್ಲಿ ಹಿಂಜಲು ಹತ್ತಿ ಇರುತ್ತಿರಲಿಲ್ಲ. ಮುಂದೆ ಗಾಲಿಯ ಮೇಲೆ ನಿಮ್ಮ ಅಜ್ಜ, ಹಿಂದೆ ಗಾಡಿಯಲ್ಲಿ ಸೆರಗು ಎಳೆದುಕೊಂಡು ನಾನು.

ಜಗಳೂರು

ಗಡಿ ಎಂದರೆ ದೊಡ್ಡದೇನೋ ಇರುತ್ತದೆಂದು ಕಣ್ಣು ಬಿಟ್ಟುಕೊಂಡಿದ್ದೆ. ಇದ್ದದ್ದು ಒಂದು ಕಲ್ಲು, ದಾರಿಗಡ್ಡ ಒಂದು ಗಳು, ಬೇವಿನ ನೆರಳಿನಲ್ಲಿ ಒಬ್ಬ ಜವಾನ. ಅವನು ನಿಮ್ಮ ಅಜ್ಜನನ್ನು ಕೆಳಗಿಳಿಸಿ ಗಾಲಿಯ ಸುತ್ತ ಒಂದು ಪ್ರದಕ್ಷಿಣೆ ಬಂದ.

"ಏನ್ರೀ ಇದು?"

"ಸೈಕಲ್ಲು."

"ಇನ್ನೊಂದು ಗಾಲಿ ಎಲ್ಲಿ? ದಾರ್ಯಾಗೆ ಬಿದ್ದೋತಾ?"

"ಇದಕ್ಕ ಒಂದಾ ಗಾಲಿ."

"ಸೈಕಲ್ಲಿಗೆ ಸುಂಕ ಕಟ್ಟಿದ ಬಿಲ್ಲೆ ಇರಬೇಕು. ಒಂದು ಗಾಲಿಗೆ ಅರ್ಧ ಬಿಲ್ಲೆ ಕೊಡಾಕೆ ನಾನೆಲ್ಲಿಂದ ತರಲಿ?"

"ಅರ್ಧ ಬಿಲ್ಲೆ ಇಲ್ಲಂದ್ರ ಗಳಾನಾ ಅರ್ಧ ಎತ್ರೀ ಸಾಹೇಬ್ರ, ಬಗ್ಗಿ ಹೋಕ್ಕೀವಿ" ಎಂದ ಹುಸೇನಣ್ಣ.

ಜವಾನನಿಗೆ ನಗು ತಡೆಯಲಾಗಲಿಲ್ಲ. ಮೆಲ್ಲಗೆ, "ನಾನೊಂದ್ಸಲ ಹತ್ತಲಾ?" ಎಂದ. ಹತ್ತಿದ. ಹತ್ತಿದಷ್ಟೇ ಬೇಗ ಇಳಿದ, ಇಳಿಯುವಾಗ ಪೇಟ ಒಂದು ಕಡೆ, ತಾನೊಂದು ಕಡೆ. ಧೂಳು ಕೊಡವಿಕೊಂಡು ಎದ್ದವನು ಗಳುವನ್ನು ಪೂರ್ತಿ ಎತ್ತಿ, "ಜಗಳೂರಾಗೆ ನಮ್ಮತ್ತಿ ಮನೆ ಐತೆ. ನನ್ನ ಹೆಸರು ಹೇಳ್ರಿ. ನಾನು ಬಿದ್ದದ್ದು ಹೇಳಬ್ಯಾಡ್ರಿ" ಎಂದು ಕಳಿಸಿದ.

ಅವನ ಅತ್ತೆ ಶಿವಗಂಗಮ್ಮನ ಮನೆಯ ಮುಂದೆ ನಿಂತಾಗ ಅರ್ಧ ಊರು ನಮ್ಮ ಹಿಂದಿತ್ತು. ಗಂಡಸರೆಲ್ಲ ಗಾಲಿಗೆ ಮುತ್ತಿದರೆ ಹೆಂಗಸರೆಲ್ಲ ಗಾಡಿಗೆ ಮುತ್ತಿದರು. ಒಂದು ಗಾಲಿಯ ಮೇಲೆ ಓಡಾಡುವ ಗಂಡಸಿನ ಜೊತೆ ಬಾಳುವೆ ಮಾಡುವ ಹೆಣ್ಣು ಹೇಗಿರುತ್ತಾಳೆ ಎಂದು ಅವರಿಗೆ ನೋಡಬೇಕಿತ್ತು. ನಾನು ಮೊಳಕಾಲಿನ ನಡುವೆ ಮುಖ ಮುಚ್ಚಿಕೊಂಡೆ. ಶಿವಗಂಗಮ್ಮ ರಟ್ಟೆ ಹಿಡಿದು ಇಳಿಸಿ, "ಏನವ್ವ, ನಿನ್ನ ಗಂಡ ಅಷ್ಟೆತ್ತರ ಕುಂತು ಊರಿಗೆಲ್ಲ ಮುಖ ತೋರಿಸ್ತಾನೆ, ನೀನು ಗಾಡ್ಯಾಗೆ ಗಂಟಾಗಿ ಕುಂತೀಯಲ್ಲ!" ಎಂದಳು.

ಭಾಷೆ ನಮ್ಮದೇ. ಆದರೂ ನಾವು "ಐತಿ" ಎಂದರೆ ಅವರು "ಐತೆ" ಎನ್ನುತ್ತಾರೆ. ಅದು ಕೇಳಲು ಹೊಸ ಪಾತ್ರೆಯ ಸದ್ದಿನ ಹಾಗಿತ್ತು. ಮನೆಗಳೂ ನಮ್ಮ ಮನೆಯಂಥವೇ, ಮೇಲೆ ಮಾಳಿಗೆ ಮಣ್ಣು. ಬೆಳಿಗ್ಗೆ ಹೊರಡುವಾಗ ಶಿವಗಂಗಮ್ಮ ನನಗೆ ಉಡಿ ತುಂಬಿದಳು. ಮನೆಗೆ ಬಂದ ಮುತ್ತೈದೆಯ ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ಕುಪ್ಪಸದ ಬಟ್ಟೆ ಹಾಕಿ ಕಳಿಸುವುದು ನಮ್ಮಲ್ಲೂ ಇದೆ. ಆದರೆ ನಮ್ಮಲ್ಲಿ ಅದು ಬೀಗರಿಗೆ, ಮಗಳಿಗೆ. ಇವಳಿಗೆ ನಾನು ಯಾರು? ಬೇಡ ಎಂದಿದ್ದರೂ ಅವಳು ಕೇಳುವವಳಲ್ಲ.

ಚನ್ನಗಿರಿ

ದಾವಣಗೆರೆ ದಾಟಿದ ಮೇಲೆ ನೆಲದ ಬಣ್ಣ ಬದಲಾಯಿತು. ಸೂಳೆಕೆರೆಯ ಏರಿ ಹತ್ತಿದಾಗ ನಾನು ಗಾಡಿಯಲ್ಲೇ ಎದ್ದು ನಿಂತುಬಿಟ್ಟೆ. ಅಷ್ಟು ನೀರನ್ನು ಒಂದೇ ಕಡೆ ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಮ್ಮೂರ ಕೆರೆ ಆ ಬೇಸಿಗೆಯಲ್ಲಿ ದನ ಮಲಗುವ ಬಯಲಾಗಿತ್ತು. ಇಲ್ಲಿ ಆಚೆ ದಡವೇ ಕಾಣದು, ಅಲೆ ಬಂದು ಕಲ್ಲಿಗೆ ಬಡಿಯುತ್ತದೆ. "ಹುಸೇನಣ್ಣ, ಸಮುದ್ರ ಅಂದ್ರ ಇದಾ ಏನು?" ಎಂದೆ. "ಸಮುದ್ರದಾಗ ಎಮ್ಮಿ ಈಜಂಗಿಲ್ಲ ತಂಗೀ, ಅಲ್ಲಿ ನೋಡು" ಎಂದ.

ನೋಡುತ್ತಿದ್ದಂತೆ ಗಾಳಿ ಬಂತು. ಕೆರೆಯ ಮೇಲಿಂದ ಬರುವ ಗಾಳಿಗೆ ತಡೆಯೇ ಇಲ್ಲ. ಎರಡು ಗಾಲಿಯಿದ್ದರೆ ಮುಂದಕ್ಕೆ ಬಗ್ಗಬಹುದು, ಒಂಟಿ ಗಾಲಿಯವನು ಎಲ್ಲಿಗೆ ಬಗ್ಗಬೇಕು? ನಿಮ್ಮ ಅಜ್ಜ ಎರಡೂ ಕೈ ಚಾಚಿ ಕೊಕ್ಕರೆಯ ಹಾಗೆ ಒಂದು ಗಳಿಗೆ ನಿಂತರು. ಆಮೇಲೆ ಅವರು ಏರಿಯ ಮೇಲೆ ಇರಲಿಲ್ಲ. ನಾನು ಕೂಗಿದ ಕೂಗಿಗೆ ಎಮ್ಮೆಗಳು ತಿರುಗಿ ನೋಡಿದವು.

ಕಲ್ಲುಗಳ ನಡುವೆ ಬಿದ್ದಿದ್ದರು. ಬಲೆ ಹಾಕುತ್ತಿದ್ದ ಇಬ್ಬರು ಎತ್ತಿ ತಂದರು. ಗಾಲಿಗೆ ಒಂದು ಗೀರೂ ಬಿದ್ದಿರಲಿಲ್ಲ, ಎಡಗಾಲಿನ ಹರಡು ಮಾತ್ರ ನೋಡುನೋಡುತ್ತಿದ್ದಂತೆ ಗಡಿಗೆಯಷ್ಟಾಯಿತು. ಗಾಡಿಯಲ್ಲಿ ಮಲಗಿಸೋಣ ಎಂದರೆ ಒಪ್ಪಲಿಲ್ಲ. ಗಾಡಿ ಹತ್ತಿದರೆ ತೊಲೆ ಹೋಯಿತು. ಬಲೆಯವರು ಅವರನ್ನು ಮತ್ತೆ ಗಾಲಿಯ ಮೇಲೇ ಕೂರಿಸಿ, ಎರಡೂ ಕಡೆ ಭುಜ ಕೊಟ್ಟು, ಚನ್ನಗಿರಿಯ ದಾರಿಯಲ್ಲಿ ತಮ್ಮೂರ ಎಲ್ಲೆಯವರೆಗೆ ನಡೆದರು. ಅಲ್ಲಿ ಹೊಲ ಉಳುತ್ತಿದ್ದ ಇಬ್ಬರನ್ನು ಕೂಗಿ, "ಇನ್ನು ನಿಮ್ಮದು ಕಣ್ರೋ" ಎಂದು ಒಪ್ಪಿಸಿದರು. ಅವರು ಯಾಕೆ ಏನು ಎಂದು ಕೇಳಲಿಲ್ಲ. ನೇಗಿಲು ಬಿಟ್ಟು ಬಂದು ಭುಜ ಕೊಟ್ಟರು. ಕಥೆಯನ್ನು ದಾರಿಯಲ್ಲಿ ಕೇಳಿದರು.

ಚನ್ನಗಿರಿಯಲ್ಲಿ ಎತ್ತಿನ ಕಾಲು ಕಟ್ಟುವ ಖಾದರ್ ಸಾಬರ ಅಂಗಳಕ್ಕೆ ಕರೆದೊಯ್ದರು. ಅವರು ಕಾಲು ಒತ್ತಿ ನೋಡಿ, ಉದ್ದಿನ ಹಿಟ್ಟು, ಅರಿಶಿನ ತರಿಸಿ, ಒಳಗಿಂದ ಕೋಳಿಮೊಟ್ಟೆ ತಂದರು. ನಾನು ಹೌಹಾರಿದೆ. ಕೊರಳಲ್ಲಿ ಲಿಂಗ ಕಟ್ಟಿದವರಿಗೆ ಮೊಟ್ಟೆಯೇ? ಖಾದರ್ ಸಾಬರು ನನ್ನ ಮುಖ ನೋಡಿ ಕೈ ತಡೆದರು. "ಅಮ್ಮಾರು ಬ್ಯಾಡ ಅಂದ್ರೆ ಬ್ಯಾಡ. ಆದ್ರೆ ಪಟ್ಟು ಗಟ್ಟಿಯಾಗಾಕೆ ಇದೇ ಬೇಕು" ಎಂದರು. ನಿಮ್ಮ ಅಜ್ಜ ಹಲ್ಲು ಕಚ್ಚಿಕೊಂಡು, "ಕಾಲಿಗೇನು ಬಾಯಿ ಐತೇನು? ಹಚ್ರೀ ಸಾಬರ" ಎಂದರು.

ಹುಸೇನಣ್ಣ ಖಾದರ್ ಸಾಬರಲ್ಲಿ ಉಳಿದ, ನಮ್ಮನ್ನು ಪಕ್ಕದ ಮನೆಯವರು ಊಟಕ್ಕೆ ಕರೆದರು. ನಾನು ಮೊದಲ ಸಲ ರಾಗಿಮುದ್ದೆ ಕಂಡದ್ದು ಅಲ್ಲಿ. ರೊಟ್ಟಿ ತಿಂದ ಬಾಯಿ, ಅಗಿದೆ. ಅಗಿದಷ್ಟೂ ಹಲ್ಲಿಗೆ ಮೆತ್ತಿಕೊಂಡಿತು. ಮಾತಾಡಿಸಿದರೆ ಉತ್ತರ ಕೊಡಲಾರೆ. ಮನೆಯ ಮುದುಕಿ ನೋಡಿ ನೋಡಿ ತಡೆಯಲಾರದೆ, "ಅಗೀಬ್ಯಾಡ ಕಣವ್ವ, ನುಂಗು! ಅದು ಹಲ್ಲಿಗಲ್ಲ, ಹೊಟ್ಟಿಗೆ ಮಾಡಿದ್ದು" ಎಂದಳು. ಸುತ್ತ ಕೂತವರೆಲ್ಲ ಗಂಟಲು ತೋರಿಸಿ ನುಂಗಿ ನುಂಗಿ ಪಾಠ ಮಾಡಿದರು. ಅಳು ಬರುವಂತಿದ್ದ ದಿನ ನಾನು ನಕ್ಕೆ.

"ಈ ಕಾಲು ನೆಲಕ್ಕೆ ಊರಬಾರದು, ಪೆಡಲೂ ತುಳೀಬಾರದು" ಎಂದು ಖಾದರ್ ಸಾಬರು ಖಡಾಖಂಡಿತ ಹೇಳಿದರು. ತುಳಿಯದೆ ಹೇಗೆ ಹೋಗುವುದು? ಅದನ್ನೂ ಅವರೇ ಹೇಳಿದರು. ಒಂದು ಕಾಲಿನಲ್ಲಿ ತುಳಿಯುವುದು, ಎರಡೂ ಕಡೆ ಆಳು ಹಿಡಿಯುವುದು. ಬಲೆಯವರು ಆಗಲೇ ದಾರಿ ತೋರಿಸಿದ್ದರಲ್ಲ. ಖಾದರ್ ಸಾಬರ ಅಳಿಯ ಒಂದು ಭುಜ, ಪಕ್ಕದ ಮನೆಯ ಮುದುಕಿಯ ಮಗ ಒಂದು ಭುಜ. ಎದುರು ಬರುವ ಗಾಡಿಗಳು ಸರಿಯಲೆಂದು ಮುಂದೆ ಒಬ್ಬ ತಮಟೆ ಬಡಿಯಲು ನಿಂತ. ಪಟ್ಟಿಗೆ ನೊಣ ಕೂರಬಾರದೆಂದು ನಿಮ್ಮ ಅಜ್ಜನ ಕೈಗೆ ಬೇವಿನ ಸೊಪ್ಪು ಕೊಟ್ಟರು. ನನಗೆ ನೆರಳಿರಲೆಂದು ಗಾಡಿಯ ಸುತ್ತಲೂ ಬೇವಿನ ಕೊಂಬೆ ಕಟ್ಟಿದರು.

ಹೊನ್ನಾಳಿ

ಎಲ್ಲೆಯಿಂದ ಎಲ್ಲೆಗೆ ಭುಜ ಬದಲಾಗುತ್ತ ಬಂದವು. ಹೊಸ ಊರಿನ ತಮಟೆಯವನು ಬಂದು ಹಳೆಯವನು ತಿರುಗುತ್ತಿದ್ದ. ಪ್ರತಿ ಊರಲ್ಲಿ ನಿಲ್ಲಿಸಿ ಮಜ್ಜಿಗೆ ಕೊಡುತ್ತಿದ್ದರು, ಕಥೆ ಕೇಳುತ್ತಿದ್ದರು, ನನ್ನ ಉಡಿಗೆ ಇನ್ನಷ್ಟು ತುಂಬುತ್ತಿದ್ದರು. ಆದರೆ ತೆಂಕಣದಲ್ಲಿ ಮೋಡ ಕಟ್ಟತೊಡಗಿತ್ತು. ನಿಮ್ಮ ಅಜ್ಜ ಮೋಡ ನೋಡುತ್ತಿದ್ದರು, ನಾನು ಅವರ ಕಾಲು ನೋಡುತ್ತಿದ್ದೆ.

ಹೊಳೆ ದಾಟಿ ಹೊನ್ನಾಳಿಗೆ ಬಂದಾಗ ಗೌರಮ್ಮ ಎಂಬ ಹೆಂಗಸು ನಮ್ಮನ್ನು ಮನೆಗೆ ಕರೆದಳು. ಅವಳ ಗಂಡ ಹೊಳೆಸಾಲಿನ ಗದ್ದೆಯ ರೈತ. ಎಲ್ಲೆಲ್ಲೂ ನೀರಿನ ವಾಸನೆ, ಹಸಿ ಹುಲ್ಲಿನ ವಾಸನೆ. ನಮ್ಮೂರಲ್ಲಿ ಬಿಂದಿಗೆ ಅಲುಗಿದರೆ ಬೈಯುತ್ತಿದ್ದರು, ಇಲ್ಲಿ ಗೌರಮ್ಮ ಹಂಡೆಗಟ್ಟಲೆ ಬಿಸಿನೀರು ನನ್ನ ತಲೆಯ ಮೇಲೆ ಸುರಿದು, "ಇನ್ನೂ ಹಾಕ್ಲಾ?" ಎಂದು ಕೇಳಿದಳು. ಸಾಕು ಎನ್ನುವ ಮನಸ್ಸಾಗಲಿಲ್ಲ.

"ನಮ್ಮನ್ಯಾಗೆ ಹೊಳೆ ದಾಟಿ ಬಂದ ಹೆಣ್ಮಗಳನ್ನ ಅರಿಶಿನ ಹಚ್ಚದೆ ಕಳ್ಸಲ್ಲ" ಎಂದು ಮುಖಕ್ಕೂ ಕೈಗೂ ಅರಿಶಿನ ಬಳಿದಳು. ಹಣೆಗೆ ಕಾಸಿನಗಲ ಕುಂಕುಮ ಇಟ್ಟಳು. ನನ್ನ ಸೀರೆ ಧೂಳಾಗಿದೆಯೆಂದು ತನ್ನ ಹಸಿರು ಸೀರೆ ಉಡಿಸಿದಳು, ಬಳೆಗಾರನನ್ನು ಕರೆಸಿ ಮೊಳಕೈವರೆಗೆ ಹಸಿರು ಬಳೆ ಇಡಿಸಿದಳು. ಉಡಿ ತುಂಬಿ ಎರಡು ಕೈಯಲ್ಲಿ ಹಿಡಿಯುವಷ್ಟಾಯಿತು. ನಾಚಿಕೆಗೆ ನಾನು ತಲೆಗೂದಲು ಒಣಗಿದ್ದನ್ನೂ ಗಮನಿಸದೆ, ಕಟ್ಟದೆ, ಹಾಗೇ ಗಾಡಿಯಲ್ಲಿ ಕೂತೆ.

ಗಾಡಿ ಹೊರಟಿತು. ಮುಂದೆ ತಮಟೆ. ಅದರ ಹಿಂದೆ ಇಬ್ಬರ ಭುಜದ ನಡುವೆ ಎತ್ತರದಲ್ಲಿ, ಕಾಲಿಗೆ ಅರಿಶಿನದ ಪಟ್ಟಿ ಸುತ್ತಿಕೊಂಡು, ಕೈಯಲ್ಲಿ ಬೇವಿನ ಸೊಪ್ಪು ಬೀಸುತ್ತ ನಿಮ್ಮ ಅಜ್ಜ. ಹಿಂದೆ ಬೇವಿನ ಕೊಂಬೆ ಕಟ್ಟಿದ ಗಾಡಿಯಲ್ಲಿ ಹಸಿರು ಸೀರೆ, ಬಿಚ್ಚಿದ ಕೂದಲು, ಅರಿಶಿನದ ಮುಖ, ತುಂಬಿದ ಉಡಿಯೊಂದಿಗೆ ನಾನು. ನಮಗೆ ನಾವು ಹೇಗೆ ಕಾಣುತ್ತೇವೆಂದು ಹೊಳೆಯಲೇ ಇಲ್ಲ.

ಹೆಸರು ಬರೆಯದ ಒಂದು ಊರು

ಹೊನ್ನಾಳಿಗೂ ನ್ಯಾಮತಿಗೂ ನಡುವಿನ ಈ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿನ ಮೊಮ್ಮಕ್ಕಳಿಗೆ ಮುಜುಗರವಾಗಬಾರದು.

ಆಗೆಲ್ಲ ಊರಿಗೆ ಕಾಲರಾ, ಸಿಡುಬು ಬಂದರೆ ಮಾರಿಯನ್ನು ಸಾಗಿಸುತ್ತಿದ್ದರು. ಚಿಕ್ಕ ಗಾಡಿಯಲ್ಲಿ ಹಸಿರು ಸೀರೆ, ಬಳೆ, ಬೇವು, ಅರಿಶಿನ ಇಟ್ಟು, ತಮಟೆ ಬಡಿಯುತ್ತ ತಮ್ಮ ಎಲ್ಲೆಯ ಆಚೆ ಬಿಟ್ಟು ಬರುತ್ತಿದ್ದರು. ಆಚೆ ಊರಿನವರು ಅದನ್ನು ನಿಲ್ಲಲು ಬಿಡದೆ ಪೂಜೆ ಮಾಡಿ ತಮ್ಮ ಇನ್ನೊಂದು ಎಲ್ಲೆಗೆ ಸಾಗಿಸುತ್ತಿದ್ದರು. ತಾಯಿಗೆ ಮರ್ಯಾದೆ ಮಾಡಬೇಕು, ಆದರೆ ಊರಲ್ಲಿ ಒಂದು ಗಳಿಗೆಯೂ ನಿಲ್ಲಿಸಬಾರದು. ಆ ವಾರ ಹೊಳೆಯಾಚೆ ಎಲ್ಲೋ ಕಾಲರಾ ಬಿದ್ದಿದೆ ಎಂಬ ಗುಲ್ಲು ಆ ಊರಿಗೆ ಮುಟ್ಟಿತ್ತಂತೆ. ನಮಗೆ ಅದೇನೂ ಗೊತ್ತಿಲ್ಲ.

ಎಲ್ಲೆಯಲ್ಲಿ ಎಂದಿನಂತೆ ನಿಂತೆವು. ಹಿಂದಿನ ಊರಿನವರು "ಇನ್ನು ನಿಮ್ಮದು ಕಣ್ರೋ" ಎಂದು ಹೊಲದಲ್ಲಿದ್ದವರಿಗೆ ಕೂಗಿ, ನಿಮ್ಮ ಅಜ್ಜನ ಕೈಗೆ ಗಾಡಿಯ ಅಂಚು ಹಿಡಿಸಿ ತಿರುಗಿದರು. ಹೊಲದಲ್ಲಿದ್ದವರು ನಮ್ಮನ್ನು ನೋಡಿದರು. ಒಬ್ಬ ಕೈಯಲ್ಲಿದ್ದ ಗುದ್ದಲಿ ಬಿಟ್ಟ. ಇನ್ನೊಬ್ಬ ಊರಿನ ಕಡೆ ಓಡಿದ. "ಬಂತ್ರೋ! ತಾಯಿ ಬಂದ್ಲು! ಪೋತರಾಜ ಗಾಲಿ ಮ್ಯಾಲೆ ಬಂದವ್ನೆ!"

ಪೋತರಾಜ ಎಂದರೆ ಮಾರಿಯ ಮುಂದೆ ಕುಣಿಯುತ್ತ ಬರುವವನು. ನಾನು ಹಿಂದೆ ತಿರುಗಿ ನೋಡಿದೆ, ನಮ್ಮ ಹಿಂದೆ ಯಾವುದೋ ಮಾರಿ ಬರುತ್ತಿದೆಯೆಂದು. ಖಾಲಿ ದಾರಿ.

ಅಷ್ಟರಲ್ಲಿ ಊರಿಗೆ ಊರೇ ಬಂತು. ತೆಂಗಿನಕಾಯಿ, ಲೋಬಾನ, ಎರಡು ತಮಟೆ. ಗೌಡರು ಪೇಟ ತೆಗೆದು ಕೈಮುಗಿದು, "ತಾಯೀ, ನಮ್ಮೂರಾಗೆ ಮಕ್ಕಳು ಮರಿ ಅವೆ. ನಿಲ್ಲಬ್ಯಾಡವ್ವ, ಮುಂದಕ್ಕೆ ನಡಿಯವ್ವ" ಎಂದರು. ನಾಲ್ಕಾರು ಗಂಡಸರು ನಿಮ್ಮ ಅಜ್ಜನನ್ನು ಎರಡೂ ಕಡೆ ಹಿಡಿದರು. ಮಿಕ್ಕವರು ಗಾಡಿಯ ಹಿಂದೆ ಕೈ ಕೊಟ್ಟರು. ಓಟ ಶುರುವಾಯಿತು!

ಎತ್ತುಗಳೇ ಹೆದರಿ ನೆಗೆದವು. ಹುಸೇನಣ್ಣ, "ಏ, ಏ, ಬಿಡ್ರೋ ಯಪ್ಪಾ!" ಎನ್ನುತ್ತಿದ್ದ. ತಮಟೆಯಲ್ಲಿ ಯಾರಿಗೂ ಕೇಳದು. ನಿಮ್ಮ ಅಜ್ಜ "ನಿಲ್ಸ್ರೀ, ಕಾಲು, ಕಾಲು!" ಎಂದು ಬೇವಿನ ಸೊಪ್ಪು ಬೀಸಿದರೆ, "ಪೋತರಾಜಗೆ ಆವೇಶ ಬಂತು, ಇನ್ನೂ ಜೋರು ತಳ್ರೋ!" ಎಂದು ಇನ್ನೂ ಜೋರು ತಳ್ಳಿದರು. ತಿರುಗುವ ಪೆಡಲು ಅವರ ಕಟ್ಟಿದ ಕಾಲಿಗೆ ಬಡಿಯುತ್ತಿತ್ತು. ಪಟ್ಟು ಸಡಿಲವಾಗಿ ಜೋತಾಡುವುದು ಕಂಡಿತು. ಇನ್ನೊಂದು ಸಲ ಬಿದ್ದರೆ ಮೇಲೇಳುವ ಮಾತಿಲ್ಲ. ಹುಣಿಸೆ ಮರದ ಕೆಳಗಿನ ಬಾಣಂತಿಯರು ಕಣ್ಣಿಗೆ ಕಟ್ಟಿದರು.

ಮಕ್ಕಳೇ, ಪರಗಂಡಸರ ಮುಂದೆ ನಾನು ಅಲ್ಲಿಯವರೆಗೆ ದನಿ ಎತ್ತಿದವಳಲ್ಲ. ಆವತ್ತು ಓಡುವ ಗಾಡಿಯಲ್ಲಿ ಎದ್ದು ನಿಂತು ಎರಡೂ ಕೈ ಎತ್ತಿದೆ. ಉಡಿಯ ಅಕ್ಕಿ ಜನರ ತಲೆಯ ಮೇಲೆ ಚೆಲ್ಲಿತು. "ನಿಲ್ರೀ!" ಎಂದೆ.

ನಿಂತರು. ನಿಮ್ಮ ಅಜ್ಜನನ್ನು ಹಿಡಿದವರನ್ನು ಬಿಟ್ಟು ಮಿಕ್ಕವರೆಲ್ಲ ಅಲ್ಲೇ ಧೂಳಿನಲ್ಲಿ ಉದ್ದಂಡ ಬಿದ್ದರು.

"ನಾನು ಮಾರಿ ಅಲ್ರೀ" ಎಂದೆ. ದನಿ ಮತ್ತೆ ಚಿಕ್ಕದಾಗಿತ್ತು.

ಬಿದ್ದವರ ನಡುವೆ ಒಬ್ಬ ಮುದುಕಿ ಮಾತ್ರ ನಿಂತಿದ್ದಳು. ಹಾಲವ್ವ ಎಂದು ಹೆಸರು. "ತಾನು ಮಾರಿ ಅಂತ ಯಾವ ಮಾರಿ ಹೇಳ್ಕೊಂಡಾಳೆ?" ಎಂದಳು.

"ನನಗ ಬಾಯಾರಿಕಿ ಆಗೇತಿ" ಎಂದೆ.

"ನೋಡ್ರೋ, ಬಲಿ ಕೇಳಾಕೆ ಹತ್ತಿದಳು!" ಎಂದು ಯಾರೋ ಕೂಗಿದರು.

ಅಷ್ಟರಲ್ಲಿ ಮುಂದಿನಿಂದ, ಗಾಲಿಯ ಮೇಲಿಂದ, ನಿಮ್ಮ ಅಜ್ಜನ ದನಿ ಬಂತು. ನೋವಿಗೆ, ಗಾಬರಿಗೆ ಅವರ ದನಿ ಸೀಳಿಹೋಗಿತ್ತು. "ಏ ನೀಲಾ! ಬುದ್ಧಿಗಿದ್ಧಿ ಐತಿಲ್ಲ ನಿನಗ? ಗಾಡ್ಯಾಗ ಎದ್ದು ನಿಂತು ಬಿದ್ದು ಸಾಯಬೇಕಂತೀಯೇನು? ಕುಂಡ್ರು ಸುಮ್ಮನ!"

ನಾನು ಸುಮ್ಮನೆ ಕೂತುಬಿಟ್ಟೆ.

ಹಾಲವ್ವ ಅವರನ್ನು ನೋಡಿದಳು, ನನ್ನನ್ನು ನೋಡಿದಳು. ನಗುವಿಗೆ ಅವಳ ಹೊಟ್ಟೆ ಕುಲುಕತೊಡಗಿತು. "ಏಳ್ರೋ, ಏಳ್ರೋ ಮ್ಯಾಲೆ! ಮಾರವ್ವನ್ನ ಹಿಂಗೆ ಗದರೋ ಗಂಡಸು ಭೂಮಿ ಮ್ಯಾಲೆ ಹುಟ್ಟಿಲ್ಲ. ಗದರಿಸಿಕೊಂಡು ಕುಂತ್ಲು ನೋಡ್ರಿ. ಇವಳು ಇವನ ಹೆಂಡ್ತೀನೇ ಸೈ!"

ಮೊದಲು ಗೌಡರು ನಕ್ಕರು. ಆಮೇಲೆ ಊರು ನಕ್ಕಿತು. ಧೂಳು ಕೊಡವಿಕೊಳ್ಳುತ್ತ, ಒಬ್ಬರ ಬೆನ್ನಿನ ಮೇಲೆ ಇನ್ನೊಬ್ಬರು ಬೀಳುತ್ತ ನಕ್ಕರು. ತಲೆಯ ಮೇಲಿನ ಅಕ್ಕಿಯನ್ನು ಮಾತ್ರ ಹೆಂಗಸರು ಹೆಕ್ಕಿ ಸೆರಗಿಗೆ ಕಟ್ಟಿಕೊಂಡರು, ಯಾವುದಕ್ಕೂ ಇರಲಿ ಎಂದು.

ಪೂಜೆಗೆಂದು ತಂದ ಕಾಯಿ ಒಡೆದು ನನಗೆ ಅದರ ನೀರು ಕುಡಿಸಿದರು. ಹಾಲವ್ವ ತನ್ನ ಹಳೇ ಸೀರೆ ಹರಿದು ಕಾಲಿನ ಪಟ್ಟು ಬಿಗಿದಳು. ಓಣಿಯ ಕಥೆ ಕೇಳಿ, "ನಾನೂ ಬರ್ತೀನಿ, ಆ ಸಾಹುಕಾರ್ರ ಮುಖ ನೋಡ್ಬೇಕು" ಎಂದು ಗಾಡಿ ಹತ್ತಿದಳು. ಅವಳ ಇಬ್ಬರು ಮಕ್ಕಳು ಭುಜ ಕೊಟ್ಟರು. ಮುಂದಿನ ಊರಿನವರು ಹೆದರಬಾರದೆಂದು ಗೌಡರು ಒಬ್ಬ ಆಳನ್ನು ಮುಂದೆ ಓಡಿಸಿದರು. ಅವನು ದಾರಿಯುದ್ದಕ್ಕೂ ಕೂಗುತ್ತ ಹೋದ: "ಮಾರಿ ಅಲ್ಲ, ಸೈಕಲ್ಲು! ಮಾರಿ ಅಲ್ರೋ, ಸೈಕಲ್ಲು!"

ನ್ಯಾಮತಿ

ಆ ಕೂಗು ನಮಗಿಂತ ಮುಂಚೆ ನ್ಯಾಮತಿ ಮುಟ್ಟಿತ್ತು. ಅಂಗಡಿ ಬಾಗಿಲಲ್ಲೆಲ್ಲ ಜನ. ಚನ್ನಬಸಪ್ಪ ಸಾಹುಕಾರರು ತಮ್ಮ ಮನೆಯ ಜಗಲಿಯ ಮೇಲೆ ನಿಂತಿದ್ದರು. ಪಕ್ಕದ ಮರದ ಅಡ್ಡೆಯಲ್ಲಿ ತೊಲೆಗಳನ್ನು ಮಾಡಿನೆತ್ತರಕ್ಕೆ ಒಟ್ಟಿದ್ದರು. ಹಸಿ ಮರದ ವಾಸನೆ ಬೀದಿಯ ಬಾಯಿಗೇ ಬರುತ್ತಿತ್ತು. ಅಷ್ಟು ಮರ! ನಾನು ಎಣಿಸತೊಡಗಿದೆ.

ಸಾಹುಕಾರರು ಕೆಟ್ಟವರಲ್ಲ. ದಾವಣಗೆರೆಯ ಪೇಟೆಯಲ್ಲಿ ನಗೆಗೆ ಆಡಿದ ಮಾತು ಮನೆ ಬಾಗಿಲಿಗೆ ನಡೆದು ಬಂದರೆ ಯಾರಿಗಾದರೂ ಇರಿಸುಮುರಿಸಾಗುತ್ತದೆ. ಅವರು ಭುಜ ಕೊಟ್ಟ ಇಬ್ಬರನ್ನು, ಹಿಂದಿದ್ದ ಜಾತ್ರೆಯಂಥ ಜನವನ್ನು ನೋಡಿ, ಗಂಟಲು ಸರಿಮಾಡಿಕೊಂಡು ಹೇಳಿದರು: "ನೀನು ಬಾ ಅಂದಿದ್ದೆ ಕಣಪ್ಪ. ಊರೂರೇ ಬರ್ತಾವೆ ಅಂತ ಅಂದಿರ್ಲಿಲ್ಲ. ಇವರು ಹಿಡ್ಕೊಂಡು ತಂದವ್ರೆ. ಇದು ಸೈಕಲ್ ಹೊಡೆದಂಗಾತಾ?"

ಹಾಲವ್ವ ಗಾಡಿಯಲ್ಲೇ ಎದ್ದು ನಿಂತಳು.

"ಕಾಲು ಮುರಿದವನಿಗೆ ಕೈ ಕೊಟ್ರೆ ತಪ್ಪಾ ಸಾಹುಕಾರ್ರೇ?" ಎಂದಳು ಹಾಲವ್ವ.

"ತಪ್ಪು ಅನ್ಲಿಲ್ಲವ್ವ. ನನ್ನ ಮಾತು ಹಂಗಿರ್ಲಿಲ್ಲ ಅಂದೆ. ಹೋಗ್ಲಿ, ಬೀದಿ ಬಾಯಿಂದ ನನ್ನ ಬಾಗಿಲಿಗೆ ಯಾರೂ ಮುಟ್ಟದಂಗೆ ಬರ್ಲಿ. ಅಷ್ಟು ಬಂದ್ರೆ ಸಾಕು, ಇಡೀ ದಾರಿ ಹಂಗೇ ಬಂದ ಅಂತ ಒಪ್ತೀನಿ."

ನಿಮ್ಮ ಅಜ್ಜ ನನ್ನ ಕಡೆ ನೋಡಿದರು. ಬೇಡ ಎನ್ನಬೇಕೋ, ಹೂಂ ಎನ್ನಬೇಕೋ? ನಾನು ತೊಲೆಗಳ ಕಡೆ ನೋಡಿದೆ. ಅವರೂ ನೋಡಿದರು. "ಕೈ ಬಿಡ್ರೋ" ಎಂದರು.

ಕೈ ಬಿಟ್ಟರು. ಕಟ್ಟಿದ ಕಾಲು ಮುಂದಕ್ಕೆ ಚಾಚಿಕೊಂಡು, ಒಂದೇ ಕಾಲಿನಲ್ಲಿ ತುಳಿದರು. ಗಾಲಿ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಪೆಡಲು ಮೇಲೆ ಬರುವಾಗಲೆಲ್ಲ ನಿಂತೇಹೋಯಿತು ಅನ್ನಿಸುತ್ತಿತ್ತು, ಮತ್ತೆ ಉರುಳುತ್ತಿತ್ತು. ಹಾಲವ್ವ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಹೊಸ ಬಳೆ ಎರಡು ಒಡೆದವು. ಅರ್ಧ ಬೀದಿ ಆಯಿತು. ಮುಕ್ಕಾಲು ಆಯಿತು. ಜಗಲಿ ಹತ್ತಿರ ಹತ್ತಿರ ಬಂದಿತ್ತು. ಆಗ ಚಪ್ಪಡಿ ಕಲ್ಲಿನ ಸಂದಿಗೆ ಗಾಲಿ ಸಿಕ್ಕಿತು.

ಅವರು ಮುಂದಕ್ಕೆ ಮುಗ್ಗರಿಸಿದರು. ಎದುರಿಗೆ ಜಗಲಿಯ ಕಲ್ಲಿನ ಅಂಚು. ನಾನು ಕಣ್ಣು ಮುಚ್ಚಿದೆ.

ಧಪ್ ಎಂಬ ಸದ್ದಿಗೆ ಕಣ್ಣು ತೆರೆದರೆ ಸಾಹುಕಾರರು ಜಗಲಿಯ ಮೇಲಿರಲಿಲ್ಲ. ಅಷ್ಟು ದೊಡ್ಡ ಮೈಯವರು ಮೇಲಿಂದ ಹಾರಿ, ನಿಮ್ಮ ಅಜ್ಜನನ್ನು ಎರಡೂ ತೋಳಿನಲ್ಲಿ ಬಾಚಿ ಎದೆಗೆ ಒತ್ತಿಕೊಂಡು ನಿಂತಿದ್ದರು. ಪಂಚೆಯ ಅಂಚು ಧೂಳಾಗಿತ್ತು, ಏದುಸಿರು ಬಿಡುತ್ತಿದ್ದರು. ಗಾಲಿ ತಾನಾಗಿ ಉರುಳಿಕೊಂಡು ಹೋಗಿ ಬಾಗಿಲಿಗೆ ತಾಗಿ ಮಲಗಿತು.

ಹಾಲವ್ವ ಕೇಳಿದಳು: "ಸಾಹುಕಾರ್ರೇ, ನೀವ್ಯಾಕೆ ಹಿಡಿದ್ರಿ?"

"ಹಿಡೀದಿದ್ರೆ ತಲೆ ಒಡೀತಿತ್ತಲ್ಲವ್ವ!"

"ನಾವೂ ಅದಕ್ಕೇ ಹಿಡಿದದ್ದು."

ಸಾಹುಕಾರರು ತಮ್ಮ ಕೈಗಳನ್ನು ನೋಡಿಕೊಂಡರು. ಇನ್ನೂ ನಿಮ್ಮ ಅಜ್ಜನನ್ನು ಬಿಟ್ಟಿರಲಿಲ್ಲ. ಮೆಲ್ಲಗೆ ನಗತೊಡಗಿದರು, ಎತ್ತಿಕೊಂಡವರ ನಗುವಿಗೆ ನಿಮ್ಮ ಅಜ್ಜನೂ ಕುಲುಕಿದರು. ಸಾಹುಕಾರರು ಅವರನ್ನು ಹಾಗೇ ಎತ್ತಿಕೊಂಡು ಮೆಟ್ಟಿಲು ಹತ್ತಿ, ಬಾಗಿಲು ದಾಟಿ, ಒಳಗಿನ ಕಂಬಳಿಯ ಮೇಲೆ ಕೂರಿಸಿದರು. ಹೊರಗೆ ಬಂದು ಆಳುಗಳಿಗೆ, "ಏನ್ ನೋಡ್ತಾ ನಿಂತ್ರಿ? ತೊಲೆ ಇಳಿಸ್ರೋ" ಎಂದರು.

ಅವರು ತೊಲೆ ಕೊಡುವೆನೆಂದಿದ್ದರೇ ಹೊರತು ನಮ್ಮೂರಿಗೆ ಮುಟ್ಟಿಸುವೆನೆಂದಿರಲಿಲ್ಲ. ಆ ಚಿಂತೆ ನಮಗೆ ಉಳಿಯಲಿಲ್ಲ. ಹಾಲವ್ವನ ಊರಿನ ಗಾಡಿಗಳು ತಮ್ಮ ಎಲ್ಲೆಯವರೆಗೆ ಹೊತ್ತವು, ಅಲ್ಲಿ ಮುಂದಿನ ಊರಿನ ಗಾಡಿಗಳು ಕಾದಿದ್ದವು. ಹೊಳೆಯಲ್ಲಿ ತೊಲೆಗಳನ್ನು ಹಗ್ಗ ಕಟ್ಟಿ ತೇಲಿಸಿ ದಾಟಿಸಿದರು. ಚನ್ನಗಿರಿಯಲ್ಲಿ ಖಾದರ್ ಸಾಬರು ಕಾಲು ಬಿಚ್ಚಿ ನೋಡಿ ಹೊಸದಾಗಿ ಕಟ್ಟಿದರು, ಮೊಟ್ಟೆ ತರುವಾಗ ನನ್ನ ಕಡೆ ನೋಡಿ ನಕ್ಕರು. ಗಡಿಯ ಜವಾನ ದೂರದಿಂದಲೇ ಗಳು ಎತ್ತಿ ನಿಂತಿದ್ದ.

ಓಣಿಯ ಮೊದಲ ಮನೆಗೆ ತೊಲೆ ಏರಿಸಿದ ಮಧ್ಯಾಹ್ನವೇ ರೋಹಿಣಿ ಮಳೆ ಬಂತು. ಇನ್ನೂ ಹುಲ್ಲು ಹೊದಿಸಿರಲಿಲ್ಲ. ಬರೀ ತೊಲೆಗಳ ಕೆಳಗೆ ಓಣಿಯವರೆಲ್ಲ ನಿಂತು ನೆತ್ತಿಯಿಂದ ಪಾದದವರೆಗೆ ನೆನೆದರು. ಹುಣಿಸೆ ಮರ ಅಲ್ಲೇ ಎದುರಿಗಿತ್ತು. ಯಾರೂ ಅದರ ಕೆಳಗೆ ಓಡಲಿಲ್ಲ.

ಈಗ ಆ ಓಣಿಯಲ್ಲಿ ಎಲ್ಲ ಮನೆಗೂ ತಾರಸಿ ಬಂದಿದೆ. ಹಳೆ ತೊಲೆಗಳಲ್ಲಿ ಗೆದ್ದಲು ತಿಂದದ್ದು ತಿಂದು, ಉಳಿದದ್ದು ಒಲೆಗೆ ಹೋಯಿತು. ಅದರಲ್ಲಿ ತಪ್ಪೇನಿಲ್ಲ, ಮರ ಇರುವುದೇ ಹಾಗೆ. ಹಾಲವ್ವ ಇಲ್ಲ, ಹುಸೇನಣ್ಣ ಇಲ್ಲ, ನಿಮ್ಮ ಅಜ್ಜನೂ ಇಲ್ಲ. ಈ ಹಾಳೆಗಳು ಮಾತ್ರ ಇವೆ. ಶಾಂತಾ, ಇವನ್ನು ನಿನ್ನ ಟ್ರಂಕಿನಲ್ಲಿ ಬೇವಿನ ಎಲೆ ಹಾಕಿ ಇಡು, ವೀರೇಶನ ಕೈಗೆ ಕೊಟ್ಟರೆ ಗಾಳಿಪಟ ಮಾಡುತ್ತಾನೆ. ಅವನು ದೊಡ್ಡವನಾದ ಮೇಲೆ ಅವನಿಗೂ ಓದಲು ಕೊಡು. ಜೋಪಾನ.

ನಿಮ್ಮ ಅಜ್ಜಿ,
ನೀಲಮ್ಮ